ನನ್ನನ್ನು ನಾನು ನೋಡಿಕೊಂಡಷ್ಟೂ ನೆಮ್ಮದಿ ಯಾಕೆ ದೂರ ಹೋಗುತ್ತಿದೆ?

ಪ್ರಶ್ನೆ: ನನಗೆ 39 ವರ್ಷ. ಕೆಲಸಕ್ಕೆ ಹೋಗುತ್ತೇನೆ. ಒಂಬತ್ತು ವರ್ಷದ ಮಗನಿದ್ದಾನೆ. ಎರಡು ವರ್ಷದಿಂದ ದಿನಾ ಬೆಳಗ್ಗೆ 20 ನಿಮಿಷ ಧ್ಯಾನ ಮಾಡುತ್ತಿದ್ದೇನೆ. ರಾತ್ರಿ ಡೈರಿ ಬರೆಯುತ್ತೇನೆ. ನನ್ನ ಸಿಟ್ಟು ಎಲ್ಲಿಂದ ಬರುತ್ತದೆ, ಯಾವ ಮಾತು ನನ್ನನ್ನು ಚುಚ್ಚುತ್ತದೆ, ಎಲ್ಲ ಗೊತ್ತಾಗಿದೆ. ಆದರೂ ಸಂಜೆ ಮನೆಗೆ ಬಂದ ಕೂಡಲೇ ಮಗನ ಮೇಲೆ ರೇಗುತ್ತೇನೆ. ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ಓಡುತ್ತದೆ. ಮೊದಲು ಬರೀ ಸಿಟ್ಟಿತ್ತು. ಈಗ 'ಇಷ್ಟು ತಿಳಿದೂ ಸಿಟ್ಟು ಮಾಡಿಕೊಂಡೆನಲ್ಲ' ಅನ್ನುವ ಕೊರಗೂ ಸೇರಿಕೊಂಡಿದೆ. ನಿನ್ನನ್ನು ನೀನು ಅರಿತರೆ ಶಾಂತಿ ಸಿಗುತ್ತದೆ ಅಂತಾರೆ. ನನಗೆ ಯಾಕೆ ಸಿಗುತ್ತಿಲ್ಲ? ಧ್ಯಾನ, ಡೈರಿ ಎಲ್ಲ ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಮೊದಲು ಬರೀ ಸಿಟ್ಟಿತ್ತು, ಈಗ ಕೊರಗೂ ಸೇರಿಕೊಂಡಿದೆ' ಎಂದಿದ್ದೀರಲ್ಲ, ಅರ್ಧ ಉತ್ತರ ಆ ಮಾತಿನಲ್ಲೇ ಇದೆ. ನಿಮ್ಮನ್ನು ನೀವು ನೋಡಿಕೊಳ್ಳುವುದನ್ನು ಕಲಿತಿದ್ದೀರಿ. ಅದು ಸಣ್ಣ ವಿಷಯವೇನಲ್ಲ. ಆದರೆ ನೋಡುತ್ತಾ ನೋಡುತ್ತಾ ಯಾವಾಗಲೋ ವಿಚಾರಣೆ ಶುರುವಾಗಿಬಿಟ್ಟಿದೆ. ರಾತ್ರಿ ಕಟಕಟೆಯಲ್ಲಿ ನಿಲ್ಲುವವರೂ ನೀವೇ, ತೀರ್ಪು ಕೊಡುವವರೂ ನೀವೇ. ನಿದ್ದೆ ಎಲ್ಲಿಂದ ಬರಬೇಕು ಹೇಳಿ?

ಆಪ್ತಸಮಾಲೋಚಕಿಯಾಗಿ ಬಹಳ ವರ್ಷ ಜನರ ಎದುರು ಕೂತು ಕೇಳಿಸಿಕೊಂಡಿದ್ದೇನೆ. ನಿಮ್ಮಂಥ ದೂರು ಹೊತ್ತು ಬರುವವರು ಸಾಮಾನ್ಯವಾಗಿ ತುಂಬಾ ಪ್ರಾಮಾಣಿಕ ಜನ. ತಮ್ಮ ತಪ್ಪನ್ನು ಬೇರೆಯವರ ತಲೆಗೆ ಕಟ್ಟದವರು. ಅವರಿಗೆ ನಾನು ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಅರಿವು ತಲೆಯಲ್ಲೇ ನಿಂತರೆ ಕೊಳೆತು ಕೊರಗಾಗುತ್ತದೆ. ಅದು ಕೈಕಾಲಿಗೆ ಇಳಿಯಬೇಕು. ದಿನದ ಯಾವುದೋ ಒಂದು ಗಳಿಗೆಯಲ್ಲಿ, ಒಂದು ಸಣ್ಣ ಕೆಲಸವಾಗಿ ಇಳಿಯಬೇಕು. ನಿಮ್ಮಲ್ಲಿ ಮೊದಲ ಅರ್ಧ ಚೆನ್ನಾಗಿ ಆಗಿದೆ. ಎರಡನೇ ಅರ್ಧ ಬಾಕಿ ಇದೆ.

ಮೊದಲು ಒಂದು ಸಮಾಧಾನದ ಮಾತು. ನಿಮಗೆ ಆಗುತ್ತಿರುವುದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿ ಎಷ್ಟೋ ವರ್ಷವಾಯಿತು. 1999ರಲ್ಲಿ ಪಾಲ್ ಟ್ರಾಪ್ನೆಲ್ ಮತ್ತು ಜೆನ್ನಿಫರ್ ಕ್ಯಾಂಪ್ಬೆಲ್ ಎಂಬ ಸಂಶೋಧಕರು ಇದೇ ಒಗಟನ್ನು ಕೈಗೆತ್ತಿಕೊಂಡರು. ತಮ್ಮ ಬಗ್ಗೆ ಜಾಸ್ತಿ ಯೋಚಿಸುವವರಿಗೆ ತಮ್ಮ ಬಗ್ಗೆ ಜಾಸ್ತಿ ಗೊತ್ತಿರುತ್ತದೆ. ಆದರೆ ಅವರಲ್ಲಿ ಸಂಕಟವೂ ಜಾಸ್ತಿ ಕಾಣುತ್ತದೆ. ಇದು ಹೇಗೆ? ಅವರು ಕಂಡುಕೊಂಡದ್ದು, ಒಳಗೆ ನೋಡುವುದರಲ್ಲೇ ಎರಡು ಬಗೆ ಇದೆ ಅಂತ. ಒಂದು ಕುತೂಹಲದಿಂದ ನೋಡುವುದು. ಇನ್ನೊಂದು ಭಯದಿಂದ, ಕಳೆದುಹೋದದ್ದರ ಬೇಸರದಿಂದ ನೋಡುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಇಬ್ಬರೂ ಸುಮ್ನೆ ಕೂತಿರುತ್ತಾರೆ, ಇಬ್ಬರೂ ಡೈರಿ ಬರೆಯುತ್ತಿರುತ್ತಾರೆ. ಒಳಗೆ ನಡೆಯುತ್ತಿರುವುದು ಮಾತ್ರ ಬೇರೆ ಬೇರೆ.

ನನ್ನ ಅನುಕೂಲಕ್ಕೆ ನಾನು ಒಂದನ್ನು ಗಮನ ಅನ್ನುತ್ತೇನೆ, ಇನ್ನೊಂದನ್ನು ಗಿರಕಿ ಅನ್ನುತ್ತೇನೆ. ಎರಡನ್ನೂ ಬೇರೆ ಮಾಡಿ ನೋಡಲು ಸುಲಭದ ದಾರಿಯಿದೆ. ನಿಮ್ಮ ಡೈರಿ ತೆಗೆದು ಯಾವುದಾದರೂ ನಾಲ್ಕು ಪುಟ ಓದಿ. 'ಯಾಕೆ' ಎಷ್ಟು ಸಲ ಬಂದಿದೆ, 'ಮಾಡಬಾರದಿತ್ತು' ಎಷ್ಟು ಸಲ ಬಂದಿದೆ ಎಣಿಸಿ. 'ನಾನ್ಯಾಕೆ ಹೀಗೆ?' ಅನ್ನುವುದು ಪ್ರಶ್ನೆಯ ಥರ ಕಾಣುತ್ತದೆ, ಆದರೆ ಅದಕ್ಕೆ ಉತ್ತರ ಬೇಕಾಗಿರುವುದಿಲ್ಲ. ಅದೊಂದು ಬೈಗುಳ. ಗಮನದ ಪ್ರಶ್ನೆಗಳು ಬೇರೆ. ಏನಾಯಿತು? ಎಷ್ಟು ಗಂಟೆಗೆ? ಆಗ ನಾನು ಎಲ್ಲಿ ನಿಂತಿದ್ದೆ? ಮೈಯಲ್ಲಿ ಏನಾಗುತ್ತಿತ್ತು? ಅದಕ್ಕಿಂತ ಐದು ನಿಮಿಷ ಮುಂಚೆ ಏನು ನಡೆದಿತ್ತು? ಇವಕ್ಕೆ ಉತ್ತರ ಸಿಗುತ್ತದೆ. ಉತ್ತರ ಸಿಕ್ಕ ಮೇಲೆ ಮನಸ್ಸು ಅಲ್ಲೇ ಸುತ್ತುವುದಿಲ್ಲ. ಹತ್ತು ನಿಮಿಷ ಯೋಚಿಸಿದ ಮೇಲೂ ಹೊಸದೊಂದು ಸಂಗತಿ ತಿಳಿಯಲಿಲ್ಲ ಅಂದರೆ ಅದು ಗಿರಕಿ. ಎದ್ದು ಓಡಾಡಿ, ಮುಖ ತೊಳೆಯಿರಿ, ಏನಾದರೂ ಕೈಕೆಲಸ ಮಾಡಿ. ಅದು ಪಲಾಯನ ಆಗುವುದಿಲ್ಲ, ನಂಬಿ.

ಇನ್ನೊಂದು ಮಾತು. ಒಳಗೆ ನೋಡುತ್ತಾ ಕೂರುವುದೇ ಕಷ್ಟ. ಯಾರಿಗಾದರೂ ಕಷ್ಟ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ತಮ್ಮ ಯೋಚನೆಗಳ ಜೊತೆ ಸುಮ್ಮನೆ ಕೂರಲು ಹೇಳಿದರು. ಬೇಕಾದರೆ ಒಂದು ಗುಂಡಿ ಒತ್ತಿ ತಮಗೆ ತಾವೇ ಸಣ್ಣ ವಿದ್ಯುತ್ ಶಾಕ್ ಕೊಟ್ಟುಕೊಳ್ಳಬಹುದಿತ್ತು. ಇವರೆಲ್ಲ ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಕೊಡಲೂ ಸಿದ್ಧ ಎಂದು ಮೊದಲೇ ಹೇಳಿದ್ದವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಗುಂಡಿ ಒತ್ತಿದರು. ನೀವು ಎರಡು ವರ್ಷದಿಂದ ದಿನಾ 20 ನಿಮಿಷ ಕೂರುತ್ತಿದ್ದೀರಿ. ನಿಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಈಗ ಸಂಜೆಯ ಆ ಗಳಿಗೆಗೆ ಬರೋಣ. 'ಸಿಟ್ಟು' ಎಂದು ಬರೆದಿದ್ದೀರಿ. ನಿಜವಾಗಿ ಅದು ಸಿಟ್ಟೇನಾ?

ಇದನ್ನು ಸುಮ್ನೆ ಕೇಳುತ್ತಿಲ್ಲ. ನಮ್ಮ ಭಾಷೆಯಲ್ಲಿ ಒಳಗಿನ ಸ್ಥಿತಿಗಳಿಗೆ ಎಷ್ಟು ಪದಗಳಿವೆ ನೋಡಿ. ಸಿಟ್ಟು ಬೇರೆ, ಮುನಿಸು ಬೇರೆ, ಸೆಡವು ಬೇರೆ, ಕಿರಿಕಿರಿ ಬೇರೆ. ಮುನಿಸಿನಲ್ಲಿ ಪ್ರೀತಿ ಇರುತ್ತದೆ, ಯಾರಾದರೂ ಬಂದು ಮಾತಾಡಿಸಲಿ ಅನ್ನುವ ಆಸೆ ಇರುತ್ತದೆ. ಕಿರಿಕಿರಿ ಎಷ್ಟೋ ಸಲ ಬರೀ ದಣಿವು. ಹೊರಗೆ ಸಿಟ್ಟಿನಂತೆ ಕಾಣುವುದು ಒಳಗೆ ಕಳವಳ ಇರಬಹುದು, ಅಳುಕು ಇರಬಹುದು, ಕಸಿವಿಸಿ ಇರಬಹುದು, ಅವಮಾನ ಇರಬಹುದು. ದುಗುಡ ಒಂದು ಥರ, ಬೇಗುದಿ ಇನ್ನೊಂದು ಥರ. ನಾವು ಇವನ್ನೆಲ್ಲ 'ಟೆನ್ಷನ್' ಅನ್ನುವ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ. ನನ್ನ ಎದುರು ಕೂತವರಿಗೆ ಸರಿಯಾದ ಪದ ಸಿಕ್ಕ ಗಳಿಗೆಯಲ್ಲಿ ಅವರ ಭುಜ ಸ್ವಲ್ಪ ಕೆಳಗಿಳಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ. 'ಹೌದು, ಇದು ಸಿಟ್ಟಲ್ಲ, ನನಗೆ ದಿಗಿಲಾಗಿದೆ' ಅನ್ನುತ್ತಾರೆ, ದನಿಯೇ ಬದಲಾಗುತ್ತದೆ.

ಇದಕ್ಕೆ ಮಿದುಳಿನ ಕಡೆಯಿಂದಲೂ ಸ್ವಲ್ಪ ಆಧಾರವಿದೆ. ಮ್ಯಾಥ್ಯೂ ಲೀಬರ್ಮನ್ ಮತ್ತು ಅವರ ಜೊತೆಗಾರರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ ಸ್ಕ್ಯಾನ್ ಮಾಡಿದರು. ಮುಖದಲ್ಲಿರುವ ಭಾವನೆಗೆ ಹೆಸರು ಹೇಳಿದಾಗ ಮಿದುಳಿನ ಅಮಿಗ್ಡಲಾ ಅನ್ನುವ ಭಾಗದ ಗದ್ದಲ ತಗ್ಗಿತು. ಅಪಾಯ ಬಂತು ಅಂತ ಮೊದಲು ಎಚ್ಚರಿಸುವ ಭಾಗಗಳಲ್ಲಿ ಅದೂ ಒಂದು. ಅದೇ ಮುಖದವರ ಹೆಸರು ಆರಿಸಿ ಎಂದಾಗ ಹಾಗೆ ತಗ್ಗಲಿಲ್ಲ. ಒಂದೇ ಪ್ರಯೋಗದಿಂದ ಬದುಕನ್ನೆಲ್ಲ ವಿವರಿಸಲು ಆಗುವುದಿಲ್ಲ, ಅಲ್ವಾ. ಆದರೂ ಹೆಸರಿಡುವುದಕ್ಕೆ ಒಂದು ಶಕ್ತಿ ಇದೆ ಅನ್ನುವುದನ್ನು ನನ್ನ ಅನುಭವವೂ ಒಪ್ಪುತ್ತದೆ.

ಹಾಗಾಗಿ ಒಂದು ವಾರ ಡೈರಿಯಲ್ಲಿ 'ಸಿಟ್ಟು' ಅನ್ನುವ ಪದ ಬಳಸಬೇಡಿ. ಬೇರೆ ಪದ ಹುಡುಕಿ. ಪದ ಸಿಗದಿದ್ದರೆ ಮೈ ಏನು ಹೇಳುತ್ತಿತ್ತು ಅಂತ ಬರೆಯಿರಿ. ದವಡೆ ಬಿಗಿದಿತ್ತಾ, ಕತ್ತು ಹಿಡಿದಿತ್ತಾ, ಎದೆ ಭಾರವಿತ್ತಾ, ಹಸಿವಾಗಿತ್ತಾ. ಹಸಿವನ್ನು ಬೇಕೆಂದೇ ಸೇರಿಸಿದ್ದೇನೆ. ಮನಸ್ಸಿನ ದೊಡ್ಡ ಸಮಸ್ಯೆ ಎಂದುಕೊಂಡು ಬಂದವರಲ್ಲಿ ಎಷ್ಟೋ ಜನ ಬರೀ ಹಸಿದಿರುತ್ತಾರೆ, ನಿದ್ದೆಗೆಟ್ಟಿರುತ್ತಾರೆ.

ಹೀಗೆ ನೋಡಿದರೆ ನಿಮಗೇ ಒಂದು ವಿಷಯ ಕಾಣಬಹುದು. ನೀವು ಪತ್ರದಲ್ಲಿ 'ಮನೆಗೆ ಬಂದ ಕೂಡಲೇ' ಎಂದಿದ್ದೀರಿ. ಮಗ ಏನೂ ಮಾಡುವ ಮೊದಲೇ ಸಿಟ್ಟು ನಿಮ್ಮ ಜೊತೆಯಲ್ಲೇ ಒಳಗೆ ಬಂದಿದೆ. ಅದು ಹುಟ್ಟಿದ್ದು ಮನೆಯಲ್ಲಲ್ಲ. ಅರ್ಧಕ್ಕೆ ಬಿಟ್ಟು ಬಂದ ಕೆಲಸ, ಉತ್ತರಿಸದ ಮಾತು, ನಾಳೆ ಬೆಳಗ್ಗೆ ಎದುರಿಸಬೇಕಾದ ಮುಖ, ಇವೆಲ್ಲ ದಾರಿಯುದ್ದಕ್ಕೂ ತಲೆಯಲ್ಲಿ ಗುನುಗುತ್ತಿರುತ್ತವೆ. ಮುಗಿಯದ ಕೆಲಸ ಮನಸ್ಸನ್ನು ಎಳೆಯುತ್ತಲೇ ಇರುತ್ತದೆ. 2011ರಲ್ಲಿ ಮಾಸಿಕಾಂಪೋ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು ಒಂದು ಉಪಯೋಗದ ಸಂಗತಿ ತೋರಿಸಿಕೊಟ್ಟರು. ಆ ಎಳೆತ ನಿಲ್ಲಲು ಕೆಲಸ ಮುಗಿಯಲೇಬೇಕು ಅಂತಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಒಂದು ಖಚಿತ ಯೋಜನೆ ಇದ್ದರೂ ಮನಸ್ಸು ಅದನ್ನು ಕೆಳಗಿಡುತ್ತದೆ. ಆದ್ದರಿಂದ ಕೆಲಸದಿಂದ ಏಳುವ ಮೊದಲು ಐದು ನಿಮಿಷ ತೆಗೆದಿಡಿ. ಏನು ಬಾಕಿ ಇದೆ, ನಾಳೆ ಎಷ್ಟು ಹೊತ್ತಿಗೆ ಅದನ್ನು ಕೈಗೆತ್ತಿಕೊಳ್ಳುತ್ತೇನೆ ಎಂದು ಚೀಟಿಯಲ್ಲಿ ಬರೆದು ಅಲ್ಲೇ ಇಟ್ಟು ಬನ್ನಿ. ಮನೆಗೆ ತರಬೇಡಿ.

ಇನ್ನು ಬಾಗಿಲು. ಇಡೀ ಉತ್ತರದಲ್ಲಿ ನನಗೆ ತುಂಬಾ ಮುಖ್ಯ ಅನಿಸುವ ಭಾಗ ಇದು.

'ಇನ್ನು ಮೇಲೆ ಶಾಂತವಾಗಿರುತ್ತೇನೆ' ಅನ್ನುವ ಸಂಕಲ್ಪ ನೀವು ನೂರು ಸಲ ಮಾಡಿರಬಹುದು. ಅದು ನಿಲ್ಲುವುದಿಲ್ಲ. ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ಅಲ್ಲ. ಆ ಸಂಕಲ್ಪಕ್ಕೆ ಕಾಲೂರಲು ನೆಲವೇ ಇಲ್ಲ. ಯಾವಾಗ? ಎಲ್ಲಿ? ಏನು ಮಾಡುವುದು? ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ಇದರ ಮೇಲೆ ದಶಕಗಳ ಕಾಲ ಕೆಲಸ ಮಾಡಿದವರು. ಅವರು ಹೇಳುವ ಉಪಾಯ ತುಂಬಾ ಸರಳ. 'ಇಂಥದ್ದು ಆದಾಗ, ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಕಟ್ಟಿಟ್ಟುಕೊಳ್ಳುವುದು. 2006ರಲ್ಲಿ ಅವರೂ ಪಾಸ್ಕಲ್ ಶೀರನ್ ಅವರೂ 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೀಗೆ ಕಟ್ಟಿಕೊಂಡವರು ಅಂದುಕೊಂಡದ್ದನ್ನು ಮಾಡುವ ಸಾಧ್ಯತೆ ಗಣನೀಯವಾಗಿ ಹೆಚ್ಚಿತ್ತು. ಕಾರಣ ಊಹಿಸಬಹುದು. ದಣಿದ ಸಂಜೆಯಲ್ಲಿ ತೀರ್ಮಾನ ಮಾಡುವ ಶಕ್ತಿ ಯಾರಿಗಿರುತ್ತದೆ? ತೀರ್ಮಾನ ಬೆಳಗ್ಗೆಯೇ ಆಗಿದ್ದರೆ ಸಂಜೆ ಕೈ ತಾನಾಗಿ ಅದನ್ನು ಮಾಡುತ್ತದೆ.

ನಿಮ್ಮದು ಹೀಗಿರಲಿ: 'ಬಾಗಿಲ ಚಿಲಕಕ್ಕೆ ಕೈ ಇಟ್ಟಾಗ, ಮೂರು ಸಲ ನಿಧಾನವಾಗಿ ಉಸಿರು ಬಿಡುತ್ತೇನೆ. ಈಗ ನನಗೆ ಏನಾಗುತ್ತಿದೆ ಎಂದು ಒಂದು ಪದದಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಬಾಗಿಲು ತೆಗೆಯುತ್ತೇನೆ.' ಇಷ್ಟೇ. ಅರ್ಧ ನಿಮಿಷದ ಕೆಲಸ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಿರಲಿ. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ವೇಗಸ್ ಅನ್ನುವ ನರದ ಮೂಲಕ ದೇಹ ತಾನಾಗಿ ಮಾಡುವ ಕೆಲಸ ಅದು. ಅದಕ್ಕೆ ನಿಮ್ಮ ನಂಬಿಕೆಯೂ ಬೇಕಿಲ್ಲ, ಏಕಾಗ್ರತೆಯೂ ಬೇಕಿಲ್ಲ. ಒಳಗೆ ಹೋದ ಮೇಲೆ ಮಗನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು. 'ಇವತ್ತು ತುಂಬಾ ಸುಸ್ತಾಗಿದೆ ಕಂದ, ಹತ್ತು ನಿಮಿಷ ಬಿಟ್ಟು ನಿನ್ನ ಹತ್ತಿರ ಬರ್ತೀನಿ.' ಒಂಬತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತದೆ. ಕಾರಣ ಗೊತ್ತಿಲ್ಲದ ಸಿಡುಕು ಮಾತ್ರ ಅರ್ಥವಾಗುವುದಿಲ್ಲ. ಆಗ ತಪ್ಪು ತನ್ನದೇ ಇರಬೇಕು ಅಂದುಕೊಳ್ಳುತ್ತದೆ.

ಆದರೂ ಕೆಲವು ದಿನ ರೇಗುತ್ತೀರಿ. ಖಂಡಿತ ರೇಗುತ್ತೀರಿ. ಆ ದಿನಕ್ಕೂ ಒಂದು ಕಟ್ಟಿಟ್ಟುಕೊಳ್ಳಿ: 'ರೇಗಿದಾಗ, ಅವನು ಮಲಗುವ ಮುಂಚೆ ಹೋಗಿ ಮಾತಾಡಿಸುತ್ತೇನೆ.' ಉದ್ದನೆಯ ಕ್ಷಮಾಪಣೆ ಬೇಡ. 'ಸಂಜೆ ಜೋರಾಗಿ ಕೂಗಿಬಿಟ್ಟೆ, ನಿನ್ನ ತಪ್ಪಿರಲಿಲ್ಲ' ಅಂದರೆ ಸಾಕು. ತಾಯಿ ಮತ್ತು ಮಗುವಿನ ಒಡನಾಟವನ್ನು ಕ್ಷಣ ಕ್ಷಣವಾಗಿ ಅಧ್ಯಯನ ಮಾಡಿದ ಎಡ್ವರ್ಡ್ ಟ್ರೋನಿಕ್ ಒಂದು ಮಾತು ತೋರಿಸಿಕೊಟ್ಟಿದ್ದಾರೆ. ಚೆನ್ನಾಗಿರುವ ತಾಯಿ-ಕೂಸಿನ ಜೋಡಿಯಲ್ಲೂ ಇಬ್ಬರ ತಾಳ ಕೂಡಿ ಬರುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಹೊಂದಿಸಿಕೊಳ್ಳುವುದು. ಮಗು ನಂಬಿಕೆ ಕಲಿಯುವುದೇ ಆ ಹೊಂದಿಸಿಕೊಳ್ಳುವುದರಲ್ಲಿ. ರಾತ್ರಿ ಹಾಸಿಗೆಯಲ್ಲಿ ಎರಡು ತಾಸು ಕೊರಗಿದರೆ ಮಗನಿಗೆ ಏನೂ ತಲುಪುವುದಿಲ್ಲ. ಎರಡು ನಿಮಿಷ ಹೋಗಿ ಪಕ್ಕದಲ್ಲಿ ಕೂತರೆ ತಲುಪುತ್ತದೆ. ನಿಮ್ಮ ಕೊರಗಿಗೂ ಅದೇ ಮದ್ದು. ಮಾಡಬೇಕಾದ್ದು ಮಾಡಿ ಆದ ಮೇಲೆ ಮನಸ್ಸಿಗೆ ಗಿರಕಿ ಹೊಡೆಯಲು ಅಷ್ಟು ಸಾಮಗ್ರಿ ಉಳಿದಿರುವುದಿಲ್ಲ.

ರಾತ್ರಿ ತಲೆಯಲ್ಲಿ ಆ ದನಿ ಎದ್ದಾಗ ನಿಮ್ಮನ್ನು ನೀವೇ ಹೆಸರು ಹಿಡಿದು ಮಾತಾಡಿಸಿ ನೋಡಿ. 'ನಾನು ಎಂಥ ತಾಯಿ' ಅನ್ನುವ ಬದಲು, ನಿಮ್ಮ ಹೆಸರು ಹೇಳಿ 'ಇವತ್ತು ನಿನಗೆ ಕಷ್ಟವಾಯಿತು' ಎನ್ನಿ. ವಿಚಿತ್ರ ಅನಿಸಬಹುದು. ಈಥನ್ ಕ್ರಾಸ್ ಮತ್ತು ಜೊತೆಗಾರರ 2014ರ ಅಧ್ಯಯನಗಳಲ್ಲಿ, ಹೀಗೆ ತಮ್ಮ ಹೆಸರು ಹಿಡಿದು ಮಾತಾಡಿಕೊಂಡವರು ಒತ್ತಡದ ಸಂದರ್ಭವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದರು, ಆಮೇಲೆ ಅದನ್ನೇ ನೆನೆದು ಕೊರಗುವುದೂ ಕಡಿಮೆಯಿತ್ತು. ಗೆಳತಿಗೆ ಹೇಳುವ ದನಿಯಲ್ಲಿ ತನಗೂ ಹೇಳಿಕೊಳ್ಳುವುದು, ಅಷ್ಟೇ.

ಇಲ್ಲಿಯವರೆಗೆ ನಿಮ್ಮ ಸಂಜೆಯ ಮಾತಾಯಿತು. ಇನ್ನು ಸ್ವಲ್ಪ ದೊಡ್ಡ ಮಾತು. ಉದ್ದೇಶ ಇಟ್ಟುಕೊಂಡು ಬದುಕಬೇಕು ಅಂದಾಗ ಜನ ತಮ್ಮ ಜೀವನದ ಗುರಿ ಏನು ಅಂತ ಹುಡುಕಲು ಹೊರಡುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಕಳೆದ ಒಂದು ವಾರ ತೆಗೆದುಕೊಳ್ಳಿ. ನಿಮಗೆ ಮುಖ್ಯವಾದ ಮೂರು ಸಂಗತಿ ಒಂದು ಕಡೆ ಬರೆಯಿರಿ. ಹೊತ್ತು ನಿಜವಾಗಿ ಎಲ್ಲೆಲ್ಲಿ ಹೋಯಿತು ಅಂತ ಇನ್ನೊಂದು ಕಡೆ ಬರೆಯಿರಿ. ಫೋನಿನಲ್ಲಿ ಹೋದದ್ದೂ ಸೇರಲಿ. ಎರಡರ ನಡುವೆ ಇರುವ ಅಂತರ ಇದೆಯಲ್ಲ, ಕಾರಣ ಗೊತ್ತಾಗದ ಅಶಾಂತಿಯಲ್ಲಿ ದೊಡ್ಡ ಪಾಲು ಅಲ್ಲಿಂದ ಬರುತ್ತದೆ ಅಂತ ನನಗೆ ಅನಿಸಿದೆ. ಆ ಅಂತರವನ್ನು ಪೂರ್ತಿ ಮುಚ್ಚಲು ಹೋಗಬೇಡಿ. ವಾರಕ್ಕೆ ಒಂದು ತಾಸು ಆ ಕಡೆಯಿಂದ ಈ ಕಡೆಗೆ ಸರಿಸಿ. ಅದಕ್ಕೆ ಯಾರಿಗಾದರೂ 'ಆಗಲ್ಲ' ಅನ್ನಬೇಕಾಗುತ್ತದೆ. ಅದನ್ನು ಹೇಳುವುದೇ ಈ ಕೆಲಸದ ಕಷ್ಟದ ಭಾಗ.

ಆ ಒಂದು ತಾಸಿನಲ್ಲಿ ಮನಸ್ಸೂ ಅಲ್ಲಿರಬೇಕು. ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಸುಮಾರು 2,250 ಜನರನ್ನು ಫೋನಿನ ಮೂಲಕ ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನಿಸುತ್ತಿದೆ? ಶೇಕಡಾ 47ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಬೇರೆಲ್ಲೋ ಇದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು, ಮಾಡುತ್ತಿದ್ದ ಕೆಲಸ ಬೇಸರದ್ದಾಗಿದ್ದರೂ ಅಷ್ಟೇ.

ಒಂದು ಎಚ್ಚರಿಕೆ ಕೊಡಲೇಬೇಕು. ಎಲ್ಲ ಅಶಾಂತಿಯೂ ಒಳಗಿನ ದೋಷ ಅಲ್ಲ. ಮನೆಯ ಕೆಲಸವೆಲ್ಲ ಒಬ್ಬರ ಮೇಲೇ ಬಿದ್ದಿದ್ದರೆ, ಕೆಲಸದ ಜಾಗದಲ್ಲಿ ದಿನಾ ಅವಮಾನವಾಗುತ್ತಿದ್ದರೆ, ಆ ಸಂಕಟ ನಿಮಗೆ ಸರಿಯಾದ ಸುದ್ದಿಯನ್ನೇ ತರುತ್ತಿದೆ. ಅದನ್ನು ಉಸಿರಾಟದಿಂದ ಸುಮ್ಮನಾಗಿಸಬಾರದು. ಕೂತು ಮಾತಾಡಿ ಹಂಚಿಕೊಳ್ಳಬೇಕು, ಸಹಾಯ ಕೇಳಬೇಕು, ಜಾಗ ಬದಲಿಸಬೇಕು. 'ನನ್ನ ಮನಸ್ಸೇ ಸರಿಯಿಲ್ಲ' ಎಂದು ಎಲ್ಲವನ್ನೂ ಒಳಗೆ ಎಳೆದುಕೊಂಡು ಬಳಲಿದ ಹೆಣ್ಣುಮಕ್ಕಳನ್ನು ನೋಡಿ ನೋಡಿ ನನಗೆ ನೋವಾಗಿದೆ. ನಿಮ್ಮ ಪತ್ರದಲ್ಲಿ ಮನೆಯ ಬೇರೆ ಯಾರ ಮಾತೂ ಬಂದಿಲ್ಲ. ಸಂಜೆಯ ಹೊರೆಯನ್ನು ಯಾರು ಹಂಚಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನೂ ಡೈರಿಯಲ್ಲಿ ಬರೆಯಿರಿ.

ಹಾಗೆಯೇ, ಎರಡು ವಾರಕ್ಕಿಂತ ಜಾಸ್ತಿ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ಎಷ್ಟು ದಿನ ಬೇಕು ಅಂತ ಕೇಳುತ್ತೀರಿ. 2010ರಲ್ಲಿ ಪ್ರಕಟವಾದ ಫಿಲಿಪಾ ಲ್ಯಾಲಿ ಅವರ ಅಧ್ಯಯನದಲ್ಲಿ ಹೊಸ ರೂಢಿಯೊಂದು ತಾನಾಗಿ ಬರುವಷ್ಟು ಬೇರೂರಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಲೆಕ್ಕ ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳುವಂಥ ನಷ್ಟವೇನೂ ಆಗಲಿಲ್ಲ. ಚಿಲಕದ ಮೇಲೆ ಕೈ ಇಟ್ಟು ಉಸಿರಾಡುವುದು ಮರೆತ ದಿನ ಮತ್ತೆ ಕಟಕಟೆ ಹತ್ತಬೇಡಿ ಅಂತ ಇದನ್ನು ಹೇಳಿದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಧ್ಯಾನ ಬಿಡಬೇಡಿ. 20 ನಿಮಿಷವನ್ನು 10ಕ್ಕೆ ಇಳಿಸಿ. ಜಾನ್ ಕಬತ್-ಝಿನ್ ಎಂಬವರು 1979ರಲ್ಲಿ ಧ್ಯಾನದ ತರಬೇತಿ ಶುರು ಮಾಡಿದ್ದು ವೈದ್ಯಕೀಯ ಚಿಕಿತ್ಸೆಯಿಂದ ಪೂರ್ತಿ ಪರಿಹಾರ ಸಿಗದಿದ್ದ, ಹಳೆಯ ನೋವಿನಿಂದ ಬಳಲುವಂಥ ರೋಗಿಗಳಿಗೆ. ನೋವನ್ನು ಓಡಿಸುತ್ತೇನೆ ಅಂತ ಅವರು ಹೇಳಲಿಲ್ಲ. ನೋವಿನ ಜೊತೆ ಇರುವ ರೀತಿಯನ್ನು ಬದಲಿಸಿಕೊಳ್ಳುವುದನ್ನು ಕಲಿಸಿದರು. ನೀವೂ ಸಿಟ್ಟು ಬರಬಾರದು ಅಂತ ಕೂರಬೇಡಿ, ಉಸಿರು ನೋಡಲು ಕೂರಿ. ಕಣ್ಣು ಮುಚ್ಚಿದರೆ ತಳಮಳ ಜಾಸ್ತಿಯಾಗುವ ದಿನ ಕಣ್ಣು ಬಿಟ್ಟುಕೊಂಡು ನಿಧಾನವಾಗಿ ನಡೆಯಿರಿ, ಪಾದ ನೆಲ ಮುಟ್ಟುವುದನ್ನು ಗಮನಿಸಿ.

ಡೈರಿಯನ್ನು ಮಲಗುವ ಹೊತ್ತಿನಿಂದ ಸಂಜೆಗೆ ತನ್ನಿ. ಮೂರೇ ಸಾಲು. ಏನಾಯಿತು, ಸರಿಯಾದ ಪದ ಯಾವುದು, ನಾಳೆ ಅದೇ ಗಳಿಗೆಯಲ್ಲಿ ಏನು ಮಾಡುತ್ತೇನೆ. ಬರೆದು ಮುಚ್ಚಿಡಿ. ಬೆಳಗ್ಗೆ ಉಳಿದ ಆ ಹತ್ತು ನಿಮಿಷವನ್ನು ಮಗನ ಜೊತೆ ಕಳೆಯಿರಿ, ಫೋನ್ ಬೇರೆ ಕೋಣೆಯಲ್ಲಿರಲಿ. ಅವನಿಗೆ ಏನು ಹೇಳಬೇಕು ಅಂತ ಯೋಚಿಸಬೇಡಿ. ಅವನು ಏನು ಹೇಳುತ್ತಾನೆ ಕೇಳಿಸಿಕೊಳ್ಳಿ. ಎರಡು ತಿಂಗಳ ಮೇಲೆ ನನಗೊಂದು ಪತ್ರ ಬರೆಯಿರಿ. 'ಸಿಟ್ಟು' ಅನ್ನುವ ಜಾಗದಲ್ಲಿ ನಿಮಗೆ ಯಾವ ಪದ ಸಿಕ್ಕಿತು ಅಂತ ತಿಳಿಯುವ ಆಸೆ ನನಗಿದೆ.